ಸಾಕವ್ವನಿಂದ ಪುಟ್ಟಕ್ಕನವರೆಗೆ: ಉಮಾಶ್ರೀಯವರ ಅಭಿನಯವನ್ನು ಧಾರಾವಾಹಿ ಬೆಳೆಸಿತೇ, ಸವೆಸಿತೇ?

ನೇಪಥ್ಯ:

ನಟಿ ಉಮಾಶ್ರೀಯವರ ಕುರಿತು ನಮ್ಮ ಈ ಚರ್ಚಾವೇದಿಕೆಯಲ್ಲಿ ಆಗಾಗ ಬಿಡಿ ಮಾತುಗಳು ಬರುತ್ತಿರುತ್ತವೆ. ಅವರ ರಂಗಭೂಮಿಯ ಕೆಲಸವನ್ನೂ ಕಿರುತೆರೆಯ ಕೆಲಸವನ್ನೂ ಒಟ್ಟಿಗಿಟ್ಟು ನೋಡುವ ಚರ್ಚೆ ಮಾತ್ರ ಇನ್ನೂ ನಡೆದಿಲ್ಲ ಎನಿಸಿ ಇದನ್ನು ಆರಂಭಿಸುತ್ತಿದ್ದೇನೆ.

ದೇವನೂರ ಮಹಾದೇವ ಅವರ ‘ಒಡಲಾಳ’ ಎಂಬ ಕಿರುಕಾದಂಬರಿಯನ್ನು ಸಿ.ಜಿ. ಕೃಷ್ಣಸ್ವಾಮಿಯವರು ರಂಗಕ್ಕೆ ತಂದಾಗ ಅದರಲ್ಲಿ ಸಾಕವ್ವನಾಗಿದ್ದವರು ಉಮಾಶ್ರೀ. ನಾನು ಆ ನಾಟಕವನ್ನು ಬೆಂಗಳೂರಿನ ಕಲಾಕ್ಷೇತ್ರದಲ್ಲಿ ನೋಡಿದೆ. ಕೈಯಲ್ಲಿ ಹಣವಿಲ್ಲದ, ಆದರೆ ನಾಟಕ ತಪ್ಪಿಸಿಕೊಳ್ಳದ ವಯಸ್ಸು ಅದು. ಸಾಕವ್ವನ ಪಾತ್ರಧಾರಿಗೆ ಆಗ ಸಾಕವ್ವನ ಅರ್ಧದಷ್ಟೂ ವಯಸ್ಸಾಗಿರಲಿಲ್ಲ ಎಂಬುದು ನಾಟಕ ಮುಗಿದ ಮೇಲೆ ಪಕ್ಕದವರು ಹೇಳಿದಾಗಲೇ ನನಗೆ ಗೊತ್ತಾದದ್ದು. ಕಳೆದುಹೋದ ಹುಂಜಕ್ಕಾಗಿ ಊರೆಲ್ಲ ಅಲೆಯುವ ಆ ಮುದುಕಿಯ ನಡಿಗೆ, ಬೆನ್ನಿನ ಬಾಗು, ಕೂತಲ್ಲಿಂದ ಏಳುವ ಮೊದಲು ನೆಲಕ್ಕೆ ಊರುತ್ತಿದ್ದ ಅಂಗೈ, ಇವು ಇಂದಿಗೂ ನನ್ನ ಕಣ್ಣಿಂದ ಅಳಿಸಿಲ್ಲ.

ಇಂತಹ ನಟಿಯನ್ನು 2021ರ ಡಿಸೆಂಬರ್‌ನಿಂದ ನಾನು ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯ ಪುಟ್ಟಕ್ಕನಾಗಿ ನೋಡಿದೆ. ಹೆಣ್ಣುಮಕ್ಕಳನ್ನೇ ಹೆತ್ತಳೆಂಬ ಕಾರಣಕ್ಕೆ ಗಂಡ ಬಿಟ್ಟುಹೋದ ಮೇಲೆ ಊರಿನಲ್ಲಿ ಮೆಸ್ ನಡೆಸಿ ಮೂವರನ್ನು ಬೆಳೆಸುವ ತಾಯಿಯ ಪಾತ್ರ ಅದು. ಪಾತ್ರದ ಬಗ್ಗೆ ನನಗೆ ತಕರಾರಿಲ್ಲ. ಆದರೆ ಒಂದು ಕಣ್ಣೀರಿಗೆ ಮೂರು ಕೋನಗಳಿಂದ ಕ್ಯಾಮೆರಾ ಹಿಡಿದು, ಹಿಂದೆ ಪಿಟೀಲು ಬಾರಿಸಿ, ಅದೇ ನೋಟವನ್ನು ಮರುದಿನದ ಆರಂಭದಲ್ಲಿ ಮತ್ತೊಮ್ಮೆ ತೋರಿಸುವ ವ್ಯವಸ್ಥೆಯೊಳಗೆ ಸಾಕವ್ವನನ್ನು ಕಟ್ಟಿಕೊಟ್ಟ ದೇಹವನ್ನು ಕಂಡಾಗ ನನಗೆ ಸಂಕಟವಾಯಿತು. ದೊಡ್ಡ ಪಾತ್ರೆಯಲ್ಲಿ ಒಂದು ಲೋಟ ನೀರು ಕಾಯಿಸಿದಂತೆ ಇದೆ ಎಂಬುದು ನನ್ನ ಅನಿಸಿಕೆ. ನಿಮ್ಮ ಅಭಿಪ್ರಾಯ ತಿಳಿಯಬಯಸುತ್ತೇನೆ.


ಕೊನೆಯ ಸಾಲು:

ನೇಪಥ್ಯ ಅವರೇ, ನಿಮ್ಮ ನೆನಪನ್ನು ಗೌರವಿಸುತ್ತೇನೆ. ಆದರೆ ನೀವು ಹಾಕಿಕೊಂಡ ನಕ್ಷೆಯೇ ಸ್ವಲ್ಪ ತಪ್ಪಾಗಿದೆ. ನಾಟಕದಿಂದ ನೇರವಾಗಿ ಧಾರಾವಾಹಿಗೆ ಇಳಿದವರಂತೆ ನೀವು ಅವರನ್ನು ಚಿತ್ರಿಸಿದ್ದೀರಿ. ನಡುವೆ ನೂರಾರು ಸಿನಿಮಾಗಳಿವೆ, ಒಂದು ಇಡೀ ರಾಜಕೀಯ ಜೀವನವಿದೆ.

1984ರಲ್ಲಿ ಕಾಶೀನಾಥ್ ಅವರ ‘ಅನುಭವ’ ಬಂತು. ಆ ಚಿತ್ರ ಉಮಾಶ್ರೀಯವರಿಗೆ ಹೆಸರನ್ನೂ ಕೊಟ್ಟಿತು, ಹಣೆಪಟ್ಟಿಯನ್ನೂ ಕೊಟ್ಟಿತು. ಅನಂತರದ ವರ್ಷಗಳಲ್ಲಿ ಅವರಿಗೆ ಸಿಕ್ಕಿದ್ದರಲ್ಲಿ ಬಹುಪಾಲು ಹಾಸ್ಯದ, ಎರಡರ್ಥದ ಮಾತಿನ, ಗಟ್ಟಿ ಬಾಯಿಯ ಹೆಂಗಸಿನ ಪಾತ್ರಗಳು. ಹಗಲು ಅಂತಹ ಪಾತ್ರ ಮಾಡಿ ಸಂಜೆ ನಾಟಕದ ತಾಲೀಮಿಗೆ ಹೋಗುವ ಕಲಾವಿದರು ಆ ಕಾಲದ ಬೆಂಗಳೂರಿನಲ್ಲಿ ಅನೇಕರಿದ್ದರು. ಹವ್ಯಾಸಿ ರಂಗಭೂಮಿ ಎಂಬ ಪದದಲ್ಲಿಯೇ ಉತ್ತರವಿದೆ, ಅಲ್ಲಿ ಸಂಬಳವಿಲ್ಲ. ಅಂದು ಅವರು ಆ ಹಾಸ್ಯಪಾತ್ರಗಳನ್ನು ಒಪ್ಪಿದ್ದಕ್ಕೆ ಮೂಗು ಮುರಿದವರೇ ಇಂದು ಧಾರಾವಾಹಿಗೂ ಮೂಗು ಮುರಿಯುತ್ತಿದ್ದಾರೆ. ಬಾಡಿಗೆ ಕಟ್ಟಬೇಕಾದ್ದು ಮೂಗಿನಿಂದಲ್ಲ.

ಇನ್ನೊಂದು ಮಾತು. ಆ ಹಾಸ್ಯಪಾತ್ರಗಳನ್ನು ಇಂದು ಮತ್ತೆ ನೋಡಿದರೆ ಸಂಭಾಷಣೆ ಸಹಿಸಲಾಗದಷ್ಟು ಒರಟಾಗಿರುವ ಕಡೆಯೂ ಅವರ ಮಾತಿನ ಲಯ ತಪ್ಪುವುದಿಲ್ಲ. ಎದುರಿನವನ ಮಾತು ಮುಗಿಯುವುದಕ್ಕೂ ತಮ್ಮ ಮಾತು ಏಳುವುದಕ್ಕೂ ನಡುವೆ ಎಷ್ಟು ಬಿಡಬೇಕೆಂಬ ಆ ಅಳತೆ ಸಭಾಂಗಣದ ನಗುವನ್ನು ಕಿವಿಯಾರೆ ಕೇಳಿ ಪಳಗಿದವರಿಗೆ ಮಾತ್ರ ಸಿದ್ಧಿಸುವಂಥದ್ದು.


ಸಂಕಲನದ ಮೇಜು:

ನಾನು ಕೆಲವು ವರ್ಷ ದೈನಂದಿನ ಧಾರಾವಾಹಿಗಳ ಸಂಕಲನ ವಿಭಾಗದಲ್ಲಿ ದುಡಿದವನು. ಯಾವ ವಾಹಿನಿ, ಯಾವ ಧಾರಾವಾಹಿ ಎಂಬುದು ಇಲ್ಲಿ ಮುಖ್ಯವಲ್ಲ, ‘ಪುಟ್ಟಕ್ಕನ ಮಕ್ಕಳು’ ಅಂತೂ ಅಲ್ಲ. ಈ ಚರ್ಚೆಯಲ್ಲಿ ‘ಕಿರುತೆರೆ ಅಭಿನಯ’ ಎಂಬ ಮಾತನ್ನು ಎಲ್ಲರೂ ಬಳಸುತ್ತಿದ್ದಾರೆ. ಆದರೆ ಅದು ದಿನನಿತ್ಯ ಹೇಗೆ ನಡೆಯುತ್ತದೆ ಎಂಬುದು ತಿಳಿಯದೆ ತೀರ್ಪು ಕೊಡುವುದು ಕಷ್ಟ. ಆದ್ದರಿಂದ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಅರ್ಧ ಗಂಟೆಯ ಸಂಚಿಕೆಯಲ್ಲಿ ಜಾಹೀರಾತು ಕಳೆದರೆ ಉಳಿಯುವುದು ಸುಮಾರು 22 ನಿಮಿಷ. ವಾರಕ್ಕೆ ಐದಾರು ಸಂಚಿಕೆಗಳೆಂದರೆ ವಾರಕ್ಕೊಂದು ಪೂರ್ಣಪ್ರಮಾಣದ ಸಿನಿಮಾದಷ್ಟು ದೃಶ್ಯ ಸಿದ್ಧವಾಗಬೇಕು. ನಾಟಕಕ್ಕೆ ತಿಂಗಳುಗಟ್ಟಲೆ ತಾಲೀಮು ನಡೆಯುತ್ತದೆ. ಇಲ್ಲಿ ಸೀನ್ ಪೇಪರ್ ಕೈಗೆ ಬರುವುದು ಅನೇಕ ಸಲ ಮುಖಕ್ಕೆ ಬಣ್ಣ ಹಚ್ಚಿಕೊಳ್ಳುತ್ತಿರುವಾಗ. ಪಕ್ಕದಲ್ಲಿ ನಿಂತ ಸಹಾಯಕ ನಿರ್ದೇಶಕ ಸಾಲು ಹೇಳಿಕೊಡುತ್ತಾನೆ, ನಟರು ಅದನ್ನು ಕಿವಿಯಲ್ಲಿ ಹಿಡಿದು ಮುಖದಿಂದ ಹೊರಹಾಕುತ್ತಾರೆ. ಮನೆಯೊಳಗಿನ ದೃಶ್ಯಗಳನ್ನೆಲ್ಲ ಒಂದೇ ದಿನ, ಹೊರಗಿನವನ್ನೆಲ್ಲ ಇನ್ನೊಂದು ದಿನ ಮುಗಿಸುವ ಪದ್ಧತಿ ಇರುವುದರಿಂದ ಬೆಳಿಗ್ಗೆ ಮಗಳ ಮದುವೆಯ ಸಂಭ್ರಮ, ಮಧ್ಯಾಹ್ನ ಅದಕ್ಕೆ ನಾಲ್ಕು ಸಂಚಿಕೆ ಹಿಂದಿನ ಜಗಳ, ಸಂಜೆ ಎರಡು ವಾರ ಮುಂದಿನ ಆಸ್ಪತ್ರೆಯ ದೃಶ್ಯ. ಭಾವವನ್ನು ಪಾತ್ರೆಯಂತೆ ತೊಳೆದಿಟ್ಟು ಮತ್ತೆ ತುಂಬಿಸಬೇಕು.

ಇದಕ್ಕಿಂತ ಮುಖ್ಯವಾದ ವ್ಯತ್ಯಾಸವೊಂದಿದೆ, ಅದರ ಬಗ್ಗೆ ಯಾರೂ ಮಾತನಾಡುವುದಿಲ್ಲ. ನಾಟಕದ ನಟಿಗೆ ಪಾತ್ರದ ಕೊನೆ ಗೊತ್ತಿರುತ್ತದೆ. ಕೊನೆ ಗೊತ್ತಿರುವುದರಿಂದ ಮೊದಲ ಪ್ರವೇಶದಲ್ಲೇ ಅದರ ನೆರಳನ್ನು ಇಡಬಲ್ಲಳು, ನೂರನೆಯ ಪ್ರಯೋಗದಲ್ಲಿ ಆ ನೆರಳನ್ನು ಇನ್ನಷ್ಟು ತಿದ್ದಬಲ್ಲಳು. ಧಾರಾವಾಹಿಯ ನಟಿಗೆ ತನ್ನ ಪಾತ್ರ ಎಲ್ಲಿಗೆ ಹೋಗುತ್ತದೆಂಬುದು ಗೊತ್ತಿರುವುದಿಲ್ಲ, ಬರೆಯುವವರಿಗೂ ಪೂರ್ತಿ ಗೊತ್ತಿರುವುದಿಲ್ಲ. ವಾರದ ಟಿಆರ್‌ಪಿ ಬಂದ ಮೇಲೆ ಕಥೆಯ ಒಂದು ಕವಲನ್ನು ಎಳೆಯುತ್ತಾರೆ, ಇನ್ನೊಂದನ್ನು ಮೊಟಕುಗೊಳಿಸುತ್ತಾರೆ. ಒಬ್ಬ ಕಲಾವಿದೆ ಬಿಟ್ಟುಹೋದರೆ ಆ ಪಾತ್ರಕ್ಕೆ ಹೊಸ ಮುಖ ಬರುತ್ತದೆ, ಇಲ್ಲವೇ ಪಾತ್ರವೇ ಸಾಯುತ್ತದೆ. ಹೀಗೆ ಪಾತ್ರದ ಸುತ್ತಲಿನ ಗೋಡೆಗಳು ಪ್ರತಿದಿನ ಜಾಗ ಬದಲಿಸುತ್ತಿರುವಾಗ ನಟಿ ಹಿಡಿದುಕೊಳ್ಳುವುದಾದರೂ ಏನನ್ನು? ನಾನು ಕಂಡಂತೆ ರಂಗಭೂಮಿಯಿಂದ ಬಂದವರು ಕೈಕಾಲುಗಳನ್ನು ಹಿಡಿದುಕೊಳ್ಳುತ್ತಾರೆ. ಪಾತ್ರ ಹೇಗೆ ಕೂರುತ್ತದೆ, ಏನನ್ನು ಮುಟ್ಟುತ್ತದೆ, ಸೆರಗನ್ನು ಯಾವಾಗ ಸೊಂಟಕ್ಕೆ ಸಿಕ್ಕಿಸುತ್ತದೆ ಎಂಬುದನ್ನು ಮೊದಲ ವಾರದಲ್ಲೇ ಗಟ್ಟಿ ಮಾಡಿಕೊಂಡುಬಿಡುತ್ತಾರೆ. ಮುಂದೆ ಕಥೆ ಎಲ್ಲಿಗೆ ಹೊರಳಿದರೂ ಆ ಹೆಂಗಸು ಅದೇ ಹೆಂಗಸಾಗಿ ಉಳಿಯುತ್ತಾಳೆ.

ನೇಪಥ್ಯ ಅವರಲ್ಲಿ ಒಂದು ವಿನಂತಿ. ಪುಟ್ಟಕ್ಕನ ಯಾವುದಾದರೊಂದು ಹಳೆಯ ಸಂಚಿಕೆಯನ್ನು ಧ್ವನಿ ಪೂರ್ತಿ ಇಳಿಸಿ ನೋಡಿ. ಪಿಟೀಲು, ಗುಡುಗು ಎಲ್ಲವೂ ನಮ್ಮಂಥವರ ಕೆಲಸ, ಅದರ ಪಾಪ ನಟಿಯ ತಲೆಗೆ ಬೇಡ.


ಓದುಗಿ, ತಿಪಟೂರು:

ಮೇಲಿನ ಬರಹದಿಂದ ತುಂಬ ಕಲಿತೆ. ಆದರೂ ನೇಪಥ್ಯ ಅವರ ಸಂಕಟ ಪೂರ್ತಿ ಸುಳ್ಳಲ್ಲ, ಅದಕ್ಕೆ ಅವರು ಕೊಟ್ಟ ಕಾರಣ ಮಾತ್ರ ಬೇರೆಯಾಗಬೇಕಿತ್ತು ಎಂಬುದು ನನ್ನ ನಿಲುವು. ಉಮಾಶ್ರೀಯವರು ನಮ್ಮ ತಾಲ್ಲೂಕಿನ ನೊಣವಿನಕೆರೆಯಲ್ಲಿ ಹುಟ್ಟಿದವರಾದ್ದರಿಂದ ನನಗೆ ಸ್ವಲ್ಪ ಪಕ್ಷಪಾತವಿದೆ ಎಂದು ಮೊದಲೇ ಒಪ್ಪಿಕೊಳ್ಳುತ್ತೇನೆ.

ನಾನು ಪಿಯುಸಿ ಮಕ್ಕಳಿಗೆ ಕನ್ನಡ ಕಲಿಸಿದವಳು. ಸಾಕವ್ವ ಮತ್ತು ಪುಟ್ಟಕ್ಕ ಇಬ್ಬರೂ ಬಡತನದಲ್ಲಿ ಮಕ್ಕಳನ್ನು ಕಟ್ಟಿಕೊಂಡು ಬದುಕಿದ ತಾಯಂದಿರೆಂದು ಒಂದೇ ಗೂಟಕ್ಕೆ ಕಟ್ಟಿಹಾಕುವುದು ಸುಲಭ. ಆದರೆ ಸಾಕವ್ವ ಒಳ್ಳೆಯವಳಲ್ಲ, ಕೆಟ್ಟವಳೂ ಅಲ್ಲ. ಅವಳು ಬೈಯುತ್ತಾಳೆ, ಗಂಡುಮಕ್ಕಳೊಂದಿಗೆ ಜಗಳ ಕಾಯುತ್ತಾಳೆ, ತನ್ನ ಹುಂಜ ಕಳೆದದ್ದಕ್ಕೆ ಊರನ್ನೇ ಕಟಕಟೆಗೆ ಎಳೆಯುತ್ತಾಳೆ. ರಾತ್ರಿ ಕದ್ದು ತಂದ ಕಡಲೆಕಾಯಿಯನ್ನು ಮನೆಮಂದಿಯೆಲ್ಲ ಕೂತು ತಿಂದು ಸಿಪ್ಪೆಯನ್ನು ಬೆಂಕಿಗೆ ಹಾಕುವ ಆ ಭಾಗದಲ್ಲಿ ಕಳ್ಳತನ ಸರಿಯೇ ತಪ್ಪೇ ಎಂಬ ಪ್ರಶ್ನೆ ಯಾರಿಗೂ ಏಳುವುದಿಲ್ಲ. ಅಲ್ಲಿರುವುದು ಹಸಿವು ತೀರುವ ಸುಖ ಮಾತ್ರ. ಆ ಮನೆಯ ಹುಡುಗಿ ಗೋಡೆಯ ಮೇಲೆ ನವಿಲು ಬರೆಯುತ್ತಾಳೆ. ಆ ಮನೆಗೆ ಯಾರ ಕರುಣೆಯೂ ಬೇಕಿಲ್ಲ.

ಪುಟ್ಟಕ್ಕನಿಗೆ ಕರುಣೆ ಬೇಕು, ಏಕೆಂದರೆ ಧಾರಾವಾಹಿಗೆ ಅದು ಬೇಕು. ಅವಳ ತಾಳ್ಮೆಯೇ ಅವಳ ಬಂಡವಾಳ. ಬಿಟ್ಟುಹೋದ ಗಂಡನ ಬಗ್ಗೆಯೂ ಕಹಿ ಮಾತನಾಡದಿರುವುದು ಅವಳ ದೊಡ್ಡತನ. ಅದೇ ನಟಿ, ಅದೇ ಆಡುಮಾತಿನ ಹಿಡಿತ, ಅದೇ ದುಡಿದ ದೇಹ. ಆದರೆ ಒಂದು ಕಡೆ ಆ ದೇಹ ಯಾರ ಅಪ್ಪಣೆಯನ್ನೂ ಕೇಳದೆ ನಿಂತಿದೆ, ಇನ್ನೊಂದು ಕಡೆ ಅದನ್ನು ಪೂಜೆಗೆ ಕೂರಿಸಿದ್ದಾರೆ. ಕುಗ್ಗಿದ್ದು ನಟಿಯಲ್ಲ, ಪಠ್ಯ. ಈ ವ್ಯತ್ಯಾಸವನ್ನು ಬಿಟ್ಟು ನಾಟಕ ಮೇಲು, ಧಾರಾವಾಹಿ ಕೀಳು ಎಂದು ಜಗಳವಾಡುವುದರಿಂದ ಪ್ರಯೋಜನವಿಲ್ಲ. ನಾಟಕದಲ್ಲಿಯೂ ಪೂಜೆಯ ತಾಯಂದಿರು ಬೇಕಾದಷ್ಟು ಜನರಿದ್ದಾರೆ, ಕಂಪನಿ ನಾಟಕಗಳನ್ನು ನೋಡಿದವರಿಗೆ ಹೇಳಬೇಕಾಗಿಲ್ಲ.


ನೇಪಥ್ಯ:

ಓದುಗಿಯವರ ಮಾತಿಗೆ ತಲೆಬಾಗುತ್ತೇನೆ. ‘ಕುಗ್ಗಿದ್ದು ನಟಿಯಲ್ಲ, ಪಠ್ಯ’ ಎಂಬುದನ್ನು ನಾನೇ ಹೇಳಬೇಕಿತ್ತು, ಹೊಳೆಯಲಿಲ್ಲ.

ಆದರೆ ಸಂಕಲನದ ಮೇಜಿನವರು ಹೇಳಿದ್ದರಲ್ಲಿ ಒಂದು ಅಂಶ ನನ್ನನ್ನು ಕಾಡುತ್ತಿದೆ. ಮೊದಲ ವಾರದಲ್ಲಿ ಗಟ್ಟಿ ಮಾಡಿಕೊಂಡ ಆಂಗಿಕವನ್ನೇ ವರ್ಷಗಟ್ಟಲೆ ಎಳೆದರೆ ಅದು ಅಭಿನಯವಾಗಿ ಉಳಿಯುತ್ತದೆಯೇ, ಚಾಳಿಯಾಗುತ್ತದೆಯೇ? ನಾಟಕದ ಪುನರಾವರ್ತನೆಗೂ ಇದಕ್ಕೂ ವ್ಯತ್ಯಾಸವಿದೆ. ನಾಟಕದಲ್ಲಿ ಪುನರಾವರ್ತಿಸುವುದು ಒಂದೇ ಬದುಕನ್ನು, ಪ್ರತಿ ರಾತ್ರಿ ಹೊಸ ಜನರ ಮುಂದೆ. ಇಲ್ಲಿ ಜನ ಅವರೇ, ಬದುಕು ಮಾತ್ರ ದಿನಕ್ಕೊಂದು ತಿರುವು ಪಡೆಯುತ್ತದೆ.


ಕಡಲತಡಿ:

ನಾನು ಕುಂದಾಪುರದ ಕಡೆಯವನು. ಇಲ್ಲಿಯವರೆಗೆ ಯಾರೂ ‘ಗುಲಾಬಿ ಟಾಕೀಸ್’ ಹೆಸರೆತ್ತದಿರುವುದು ಆಶ್ಚರ್ಯ. ಸಾಕವ್ವ ಮತ್ತು ಪುಟ್ಟಕ್ಕನ ನಡುವಿನ ಸೇತುವೆ ಅದೇ ಅಲ್ಲವೇ?

ವೈದೇಹಿಯವರ ಕಥೆಯನ್ನು ಆಧರಿಸಿ ಗಿರೀಶ್ ಕಾಸರವಳ್ಳಿಯವರು ಮಾಡಿದ ಆ ಚಿತ್ರದಲ್ಲಿ ಉಮಾಶ್ರೀಯವರ ಗುಲಾಬಿ ಒಬ್ಬ ಸೂಲಗಿತ್ತಿ, ಸಿನಿಮಾದ ಹುಚ್ಚಿರುವ ಮುಸ್ಲಿಂ ಹೆಣ್ಣು. ಅವಳ ಗಂಡನೂ ಅವಳನ್ನು ಬಿಟ್ಟು ಇನ್ನೊಂದು ಸಂಸಾರ ಹೂಡಿದ್ದಾನೆ. ಒಂದು ಹೆರಿಗೆ ಮಾಡಿಸಿದ ಋಣಕ್ಕೆ ಶ್ರೀಮಂತರ ಮನೆಯವರು ಅವಳಿಗೆ ಡಿಶ್ ಸಮೇತ ಟಿವಿ ಕೊಡಿಸುತ್ತಾರೆ. ಊರ ಹೆಂಗಸರು, ಒಲೆಯ ಮುಂದಿನಿಂದ ಎದ್ದು ಬಂದವರು, ಅವಳ ಗುಡಿಸಲಲ್ಲಿ ಸಾಲಾಗಿ ಕೂತು ಆ ಪೆಟ್ಟಿಗೆ ನೋಡುತ್ತಾರೆ. ಟಿವಿಯ ಬೆಳಕು ಬಿದ್ದ ಆ ಮುಖಗಳ ನಡುವೆ ಗುಲಾಬಿಯ ಮುಖವಿದೆ. ಅಲ್ಲಿ ಅವಳು ನೋಡುವವಳು. ಹದಿಮೂರು ವರ್ಷ ಕಳೆದ ಮೇಲೆ ಅದೇ ಉಮಾಶ್ರೀ ಪೆಟ್ಟಿಗೆಯ ಒಳಗೆ ಹೋಗಿ, ಗಂಡ ಬಿಟ್ಟ ಇನ್ನೊಬ್ಬ ಹೆಂಗಸಾಗಿ, ಅಂತಹುದೇ ಮನೆಗಳ ಹೆಂಗಸರ ಎದುರು ಕೂರುತ್ತಾರೆ. ಯಾರೂ ಯೋಜಿಸಿ ಮಾಡಿದ್ದಲ್ಲ, ಆದರೂ ಒಬ್ಬ ಕಲಾವಿದೆಯ ಬದುಕಿನಲ್ಲಿ ಇಂತಹ ಜೋಡಣೆ ಅಪರೂಪ.

ಆ ಚಿತ್ರಕ್ಕಾಗಿ ಅವರಿಗೆ 2008ರ ರಾಷ್ಟ್ರಪ್ರಶಸ್ತಿ ಬಂದದ್ದನ್ನು ಎಲ್ಲರೂ ಬಲ್ಲರು. ನನಗೆ ಹೆಚ್ಚಿನದೆನಿಸಿದ್ದು ಬಯಲುಸೀಮೆಯ ನಾಲಿಗೆ ನಮ್ಮ ಕರಾವಳಿಯ ಮಾತಿಗೆ ಹೊರಳಿದ ರೀತಿ. ಸ್ವರವೆಲ್ಲ ನೂರಕ್ಕೆ ನೂರು ಸರಿಯಿತ್ತೆಂದು ಹೇಳಲಾರೆ, ನಮ್ಮವರು ಇದರಲ್ಲಿ ಬಹಳ ಕಟುಕರು. ಆದರೆ ಮಾತಾಡದೆ ಸುಮ್ಮನಿರುವಾಗಿನ ಗುಲಾಬಿ ನಮ್ಮೂರಿನವಳೇ. ಕೊನೆಯಲ್ಲಿ ಅವಳನ್ನು ದೋಣಿ ಹತ್ತಿಸಿ ಊರಿನಿಂದ ಸಾಗಹಾಕುವಾಗ ಆ ಮುಖದಲ್ಲಿ ಅಳುವಿರಲಿಲ್ಲ ಎಂಬ ನೆನಪು ನನ್ನದು. ಏನಾಗುತ್ತಿದೆಯೆಂದು ಇನ್ನೂ ತಿಳಿಯದವಳ ಗಲಿಬಿಲಿಯಿತ್ತು. ಇದೇ ದೃಶ್ಯ ಧಾರಾವಾಹಿಯಲ್ಲಿ ಬಂದಿದ್ದರೆ ಮೂರು ಸಂಚಿಕೆ ಹರಿಯುತ್ತಿತ್ತು.


ಕೊನೆಯ ಸಾಲು:

ಕಡಲತಡಿಯವರೇ, ಸಣ್ಣ ತಿದ್ದುಪಡಿ. ಚಿತ್ರ ತೆರೆಗೆ ಬಂದದ್ದು 2008ರಲ್ಲಿ. ಆದರೆ ಪ್ರಶಸ್ತಿ 2007ನೇ ಸಾಲಿನದು, 55ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿ, ಘೋಷಣೆಯಾದದ್ದು 2009ರಲ್ಲಿ. ಅದೇ ಸಾಲಿನ ಶ್ರೇಷ್ಠ ನಟ ಪ್ರಕಾಶ್ ರಾಜ್. ಬೆಂಗಳೂರಿನ ರಂಗಭೂಮಿಯಿಂದ ಬೆಳೆದ ಇಬ್ಬರು ಒಂದೇ ವರ್ಷ ದೇಶದ ಶ್ರೇಷ್ಠ ನಟ, ಶ್ರೇಷ್ಠ ನಟಿ ಎನಿಸಿದ್ದನ್ನು ನಾವು ಇನ್ನಷ್ಟು ಸಂಭ್ರಮಿಸಬೇಕಿತ್ತು.

ಈಗ ರಾಜಕೀಯದ ವಿಷಯ. ಪಕ್ಷದ ಜಗಳಕ್ಕೆ ನಾನು ಇದನ್ನು ತರುತ್ತಿಲ್ಲ. ಈ ನಟನಾ ಬದುಕಿನ ಲೆಕ್ಕದಲ್ಲಿ ಅದನ್ನು ಬಿಡುವಂತಿಲ್ಲ, ಅಷ್ಟೆ. 2013ರಲ್ಲಿ ಬಾಗಲಕೋಟೆ ಜಿಲ್ಲೆಯ ತೇರದಾಳ ಕ್ಷೇತ್ರದಿಂದ ಗೆದ್ದು, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ, ಕನ್ನಡ ಮತ್ತು ಸಂಸ್ಕೃತಿ ಖಾತೆಗಳ ಸಚಿವೆಯಾಗಿ ಐದು ವರ್ಷ ಕಳೆದರು. ಹಳೆ ಮೈಸೂರು ಸೀಮೆಯಲ್ಲಿ ಹುಟ್ಟಿದ ನಟಿ ನೇಕಾರರ ಊರುಗಳಿರುವ ಉತ್ತರದ ಕ್ಷೇತ್ರಕ್ಕೆ ಹೋಗಿ ಮತ ಕೇಳಿ ಗೆಲ್ಲುವುದು ಸಣ್ಣ ಮಾತಲ್ಲ. 2018ರಲ್ಲಿ ಸೋತರು. 2021ರ ಕೊನೆಯಲ್ಲಿ ಧಾರಾವಾಹಿ ಆರಂಭವಾದಾಗ ಅವರಿಗೆ 64 ವರ್ಷ. 2023ರಲ್ಲಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡ ಮೇಲೆ ಶಾಸನಸಭೆ ಮತ್ತು ಚಿತ್ರೀಕರಣ ಎರಡೂ ಒಟ್ಟಿಗೆ ನಡೆದವು.

ಕನ್ನಡ ಸಿನಿಮಾದಲ್ಲಿ 64ರ ಹೆಂಗಸಿಗೆ ಏನು ಪಾತ್ರವಿದೆ? ನಾಯಕನ ತಾಯಿ, ಅದೂ ಮಧ್ಯಂತರದೊಳಗೆ ಆಸ್ಪತ್ರೆ ಸೇರುವ ತಾಯಿ. ರಂಗಭೂಮಿಯಲ್ಲಿ ಪಾತ್ರವುಂಟು, ಸಂಭಾವನೆಯಿಲ್ಲ. ಶೀರ್ಷಿಕೆಯಲ್ಲೇ ತನ್ನ ಹೆಸರಿಟ್ಟುಕೊಂಡು, ಪ್ರಾಯದ ಜೋಡಿಯನ್ನು ಪಕ್ಕದ ಕಥೆಯಾಗಿಸಿ, ಪ್ರತಿ ರಾತ್ರಿ ನಡುಮನೆಯ ನಡುವೆ ಒಬ್ಬ ಹಿರಿಯ ಹೆಂಗಸನ್ನು ಕೂರಿಸುವ ಧೈರ್ಯವನ್ನು ಇಂದು ತೋರಿದ್ದು ಕಿರುತೆರೆಯೇ. ಆ ಕಥೆ ‘ರಾಧಮ್ಮ ಕೂತುರು’ ಎಂಬ ತೆಲುಗು ಧಾರಾವಾಹಿಯಿಂದ ಬಂದದ್ದೆಂಬುದು ನಿಜ. ಆದರೆ ತೆಲುಗಿನದು ರಾಧಮ್ಮನ ಮಗಳ ಹೆಸರಿನಲ್ಲಿತ್ತು, ಕನ್ನಡಕ್ಕೆ ಬಂದಾಗ ಮಗಳು ಮಕ್ಕಳಾದರು, ತಾಯಿ ಮುಂದೆ ಬಂದಳು. ಮಗಳ ಪಾತ್ರಧಾರಿಗಿಂತ ತಾಯಿಯ ಪಾತ್ರಧಾರಿ ದೊಡ್ಡವರಾಗಿದ್ದುದೂ ಇದಕ್ಕೆ ಒಂದು ಕಾರಣವೆಂದು ನನ್ನ ಊಹೆ.

ಬಿ. ಜಯಶ್ರೀಯವರನ್ನು ಹೋಲಿಸಿ ನೋಡಿ. ಗುಬ್ಬಿ ವೀರಣ್ಣನವರ ಮೊಮ್ಮಗಳು, ‘ಸ್ಪಂದನ’ ಎಂಬ ಸ್ವಂತ ತಂಡ ಕಟ್ಟಿದವರು, ಅವರೂ ನಾಮಕರಣಗೊಂಡು ರಾಜ್ಯಸಭೆಗೆ ಹೋದವರು. ಅವರಿಗೆ ಹಿಂದೆ ಒಂದು ಮನೆತನವಿತ್ತು, ಕೈಯಲ್ಲಿ ಒಂದು ತಂಡವಿತ್ತು. ಉಮಾಶ್ರೀಯವರಿಗೆ ಎರಡೂ ಇರಲಿಲ್ಲ. ತಂಡವಿಲ್ಲದ ನಟಿ ಕರೆ ಬಂದ ಕಡೆ ಹೋಗಬೇಕು.


ದೂರದ ಮಗ:

ನಾನು ನಾಟಕದವನಲ್ಲ, ಹೆಚ್ಚು ತಿಳಿದವನೂ ಅಲ್ಲ. ದುಬೈಯಲ್ಲಿರುವ ನಾನು ಹಾಸನದಲ್ಲಿರುವ ಅಮ್ಮನಿಗೆ ರಾತ್ರಿ ಕರೆ ಮಾಡುವಾಗ ಪುಟ್ಟಕ್ಕನ ಸಮಯ ತಪ್ಪಿಸಿಯೇ ಮಾಡುತ್ತಿದ್ದೆ. ನನ್ನಮ್ಮ ಮದುವೆಮನೆಗಳಿಗೆ ಅಡುಗೆ ಮಾಡಿ ನಮ್ಮನ್ನು ಓದಿಸಿದವರು. ಒಮ್ಮೆ ಅವರು ಹೇಳಿದ್ದು ನೆನಪಿದೆ: ‘ಆಯಮ್ಮ ಸೌಟು ಹಿಡಿಯೋದು ಸರಿಯಾಗಿದೆ ಕಣೋ, ಬಾಕಿಯೋರ್ದೆಲ್ಲ ಸುಳ್ಳು.’ ಧಾರಾವಾಹಿಯ ಕಥೆಯನ್ನು ಅಮ್ಮ ಎಂದೂ ನಂಬಲಿಲ್ಲ, ಒಡವೆ ಹಾಕಿಕೊಂಡು ಮಲಗುವ ಪಾತ್ರಗಳನ್ನು ಕಂಡು ನಗುತ್ತಿದ್ದರು. ಆ ಕೈಯನ್ನು ಮಾತ್ರ ನಂಬುತ್ತಿದ್ದರು. ಇದನ್ನು ಇಲ್ಲಿ ಬರೆಯಬೇಕೆನಿಸಿತು.


ಸಂಕಲನದ ಮೇಜು:

ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ನಿಮ್ಮ ತಾಯಿಯವರಿಗೆ ನನ್ನ ನಮಸ್ಕಾರ ತಿಳಿಸಿ.

ನೇಪಥ್ಯ ಅವರು ಕೇಳಿದ ಚಾಳಿಯ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸುವುದಾದರೆ, ಹೌದು, ಚಾಳಿಯಾಗುತ್ತದೆ. ಮುನ್ನೂರನೆಯ ಸಂಚಿಕೆ ದಾಟಿದ ಮೇಲೆ ಎಷ್ಟೋ ಒಳ್ಳೆಯ ನಟರು ತಮ್ಮದೇ ಅನುಕರಣೆಗೆ ಇಳಿದದ್ದನ್ನು ನಾನು ಮೇಜಿನ ಮುಂದೆ ಕೂತು ನೋಡಿದ್ದೇನೆ. ಯಾವ ಸಾಲಿಗೆ ಹುಬ್ಬು ಏರುತ್ತದೆಂದು ನಮಗೆ ಮೊದಲೇ ತಿಳಿದಿರುತ್ತಿತ್ತು, ಕತ್ತರಿಸುವ ಜಾಗ ಹುಡುಕುವ ಕಷ್ಟವೂ ಇರುತ್ತಿರಲಿಲ್ಲ. ಟಿ.ಎನ್. ಸೀತಾರಾಮ್ ಅವರಂತೆ ನಾಟಕ ಬರೆದು, ನಾಟಕದವರನ್ನೇ ಕಟ್ಟಿಕೊಂಡು, ಪಿ. ಶೇಷಾದ್ರಿ ಮತ್ತು ನಾಗೇಂದ್ರ ಶಾ ಅವರ ಜೊತೆಗೂಡಿ 1998ರಲ್ಲಿ ‘ಮಾಯಾಮೃಗ’ ಧಾರಾವಾಹಿ ಮಾಡಿದಂತಹ ಪದ್ಧತಿಯಲ್ಲಿ ಬರಹಗಾರನಿಗೂ ನಟನಿಗೂ ಮಾತುಕತೆಯಿತ್ತು, ಪಾತ್ರ ಬೆಳೆಯಲು ಜಾಗವಿತ್ತು. ಇಂದಿನ ವ್ಯವಸ್ಥೆಯಲ್ಲಿ ಕಥೆ ಒಬ್ಬರದು, ಚಿತ್ರಕಥೆ ಇನ್ನೊಬ್ಬರದು, ಸಂಭಾಷಣೆ ಮತ್ತೊಬ್ಬರದು, ತಿದ್ದುಪಡಿ ವಾಹಿನಿಯದು. ನಟಿ ಯಾರೊಂದಿಗೆ ಮಾತನಾಡಬೇಕು?

ಚಾಳಿಯನ್ನು ಮುರಿಯುವ ದಾರಿ ಒಂದೇ, ನಡುನಡುವೆ ಪೂರ್ತಿ ಬೇರೆಯದನ್ನು ಮಾಡುವುದು.


ಕಡಲತಡಿ:

ಬೇರೆಯದನ್ನು ಮಾಡುವ ಮಾತು ಬಂದದ್ದರಿಂದ ಹೇಳುತ್ತೇನೆ. 2024ರ ಜನವರಿಯಲ್ಲಿ ಉಮಾಶ್ರೀಯವರು ಹೊನ್ನಾವರದಲ್ಲಿ ಪೆರ್ಡೂರು ಯಕ್ಷಗಾನ ಮೇಳದ ಆಟದಲ್ಲಿ ಮಂಥರೆಯಾಗಿ ರಂಗವೇರಿದರು. ನಮ್ಮ ಕಡೆಯ ಯಕ್ಷಗಾನಪ್ರಿಯರಲ್ಲಿ ಎರಡು ಬಣಗಳಾದವು. ಸಿನಿಮಾ, ಧಾರಾವಾಹಿಯ ಹೆಸರನ್ನು ತಂದು ಜನ ಸೇರಿಸುವುದು ಮೇಳಕ್ಕೆ ಶೋಭೆಯಲ್ಲವೆಂದು ಕೆಲವರು, ಬಂದ ಹೊಸ ಪ್ರೇಕ್ಷಕರಲ್ಲಿ ಹತ್ತು ಮಂದಿ ಉಳಿದರೂ ಲಾಭವೇ ಎಂದು ಕೆಲವರು. ನಾನು ಎರಡನೆಯ ಬಣದವನು, ಆದರೆ ನನ್ನ ಕುತೂಹಲ ಬೇರೆಯದು.

ಬೆಂಗಳೂರಿನ ನಾಟಕದಲ್ಲಿ ಬರೆದ ಮಾತು ಇರುತ್ತದೆ. ಧಾರಾವಾಹಿಯಲ್ಲಿ ಅಂದಂದೇ ಬರೆದ ಮಾತು. ಯಕ್ಷಗಾನದಲ್ಲಿ ಹಾಡುವ ಭಾಗವತರ ಪದ್ಯ ಮಾತ್ರ ನಿಗದಿಯಾದದ್ದು, ಅರ್ಥವನ್ನು, ಅಂದರೆ ಮಾತನ್ನು, ಪಾತ್ರಧಾರಿ ರಂಗದ ಮೇಲೆಯೇ ಕಟ್ಟಬೇಕು. ಎದುರಿನ ಕೈಕೇಯಿ ಏನು ಕೇಳುತ್ತಾಳೆಂಬುದು ಮಂಥರೆಗೆ ಪೂರ್ತಿ ಗೊತ್ತಿರುವುದಿಲ್ಲ. ಅಲ್ಲಿ ಪ್ರಾಂಪ್ಟ್ ಮಾಡಲು ಯಾರೂ ಇಲ್ಲ, ಎರಡನೆಯ ಟೇಕ್ ಇಲ್ಲ. ಚೆಂಡೆಯ ಸದ್ದಿನಲ್ಲಿ ಮಾತು ಕೊನೆಯವರೆಗೆ ಮುಟ್ಟಬೇಕು. 66ರ ವಯಸ್ಸಿನಲ್ಲಿ, ಹೆಸರಿಗೆ ಧಕ್ಕೆ ಬರಬಹುದಾದ ಇಂತಹ ಕಡೆ ಹೊಸಬಳಾಗಿ ನಿಲ್ಲಲು ಒಪ್ಪಿದ್ದೇ ನನಗೆ ದೊಡ್ಡದು. ಆರಿಸಿಕೊಂಡ ಪಾತ್ರವನ್ನೂ ಗಮನಿಸಿ: ಪೂಜೆಯ ತಾಯಿಯಲ್ಲ, ಮಂಥರೆ. ಓದುಗಿಯವರಿಗೆ ಇದು ಹಿಡಿಸಬಹುದು.


ಓದುಗಿ, ತಿಪಟೂರು:

ಹಿಡಿಸಿತು! ಬೆನ್ನು ಬಾಗಿದ, ಬಾಯಿ ಬಿಚ್ಚಿದರೆ ಅರಮನೆಯನ್ನೇ ಅಲ್ಲಾಡಿಸುವ ದಾಸಿ. ಸಾಕವ್ವನ ದೂರದ ನೆಂಟಳು ಎಂದರೂ ನಡೆದೀತು.

ಅನಂತರ ಅವರು ಕೈಗೆತ್ತಿಕೊಂಡ ‘ಶರ್ಮಿಷ್ಠೆ’ ಏಕವ್ಯಕ್ತಿ ಪ್ರಯೋಗವನ್ನೂ ಇದರ ಪಕ್ಕದಲ್ಲಿಡಬೇಕು. ಬೇಲೂರು ರಘುನಂದನ್ ಅವರ ರಚನೆ, ಚಿದಂಬರರಾವ್ ಜಂಬೆಯವರ ನಿರ್ದೇಶನ. ರಾಜಕುಮಾರಿಯಾಗಿ ಹುಟ್ಟಿ ದೇವಯಾನಿಯ ದಾಸಿಯಾದ ಹೆಣ್ಣಿನ ಮಾತು. ಧಾರಾವಾಹಿಯಲ್ಲಿ ಸುತ್ತ ಹತ್ತು ಜನ ನಿಂತು ಅವರ ಮುಖ ನೋಡಿ ಬೆಚ್ಚಿಬೀಳುತ್ತಿದ್ದರು, ಇಲ್ಲಿ ಎದುರುಮಾತಿಗೂ ಇನ್ನೊಬ್ಬರಿಲ್ಲ, ಎಲ್ಲರ ಪಾತ್ರವನ್ನೂ ಒಂದೇ ದೇಹ ಹೊರಬೇಕು. ನೇಪಥ್ಯ ಅವರು ಬಯಸುವ ದೊಡ್ಡ ಪಾತ್ರೆ ಇನ್ನೂ ಒಲೆಯ ಮೇಲೆಯೇ ಇದೆ.

ಒಂದು ಪ್ರಶ್ನೆಯನ್ನು ಮಾತ್ರ ಇಟ್ಟುಕೊಂಡಿದ್ದೇನೆ. ಇಂತಹ ನಾಟಕಕ್ಕೆ ನಮ್ಮಂಥ ಸಣ್ಣ ಊರುಗಳಲ್ಲಿ ಟಿಕೆಟ್ ಕೊಂಡು ಬರುವ ಹೆಂಗಸರಲ್ಲಿ ಎಷ್ಟೋ ಜನ ಒಡಲಾಳವನ್ನು ಕೇಳಿಯೂ ಇರದವರು, ಪುಟ್ಟಕ್ಕನನ್ನು ನೋಡಲೆಂದೇ ಬರುವವರು. ಅವರಿಗೆ ಶರ್ಮಿಷ್ಠೆ ಸಿಕ್ಕರೆ ಆ ಸಾಲವನ್ನು ರಂಗಭೂಮಿ ಯಾರ ಖಾತೆಗೆ ಬರೆದುಕೊಳ್ಳಬೇಕು?


ನೇಪಥ್ಯ:

ಸಂಕಲನದ ಮೇಜಿನವರು ಹೇಳಿದಂತೆ ನಿನ್ನೆ ರಾತ್ರಿ ಒಂದು ಹಳೆಯ ಸಂಚಿಕೆಯನ್ನು ಧ್ವನಿಯಿಲ್ಲದೆ ನೋಡಿದೆ. ಮೊದಲ ಐದು ನಿಮಿಷ ಕಿರಿಕಿರಿಯಾಯಿತು. ಸುತ್ತಲಿನವರ ಬಾಯಿಗಳು ಮೀನಿನಂತೆ ತೆರೆದು ಮುಚ್ಚುತ್ತಿದ್ದವು. ಆಮೇಲೆ ಪುಟ್ಟಕ್ಕ ನೆಲದಿಂದ ಏಳುವ ದೃಶ್ಯ ಬಂತು. ಏಳುವ ಮೊದಲು ಅಂಗೈಯನ್ನು ನೆಲಕ್ಕೆ ಊರಿದರು.

ಅದೇ ಅಂಗೈ. ಅಂದು ಅದು ಕಲಿತು ಮಾಡಿದ್ದು, ಇಂದು ವಯಸ್ಸೂ ಅದರೊಳಗೆ ಸೇರಿಕೊಂಡಿದೆ. ಎರಡರಲ್ಲಿ ಯಾವುದು ಎಲ್ಲಿ ಮುಗಿಯುತ್ತದೆಂದು ಗೊತ್ತಾಗಲಿಲ್ಲ. ಹಿಂದಕ್ಕೆ ಎಳೆದು ಮತ್ತೊಮ್ಮೆ ನೋಡೋಣವೆನ್ನುವಷ್ಟರಲ್ಲಿ ನನ್ನ ಹೆಂಡತಿ ಬಂದು, ಮಾತು ಕೇಳದೆ ಇದೆಂಥ ನೋಟವೆಂದು ರಿಮೋಟ್ ಕಸಿದುಕೊಂಡು ಧ್ವನಿ ಏರಿಸಿದಳು. ಉಳಿದ ಹದಿನೈದು ನಿಮಿಷವನ್ನು ಪಿಟೀಲಿನ ಸಮೇತ ಇಬ್ಬರೂ ಕೂತು ನೋಡಿದೆವು.